ಚಕ್ರ ಎಂಬ ಮಾತು ಮತ್ತು ಮಲಪ್ರಭೆಯ ಉಪ್ಪು

ಪ್ರಿಮೊ ಲೆವಿಯ ‘ದಿ ಪೀರಿಯಾಡಿಕ್ ಟೇಬಲ್’ ಇಟಾಲಿಯನ್ ಭಾಷೆಯಲ್ಲಿ 1975ರಲ್ಲಿ ಬಂದ ಪುಸ್ತಕ. ಇಪ್ಪತ್ತೊಂದು ಅಧ್ಯಾಯಗಳು, ಒಂದೊಂದಕ್ಕೂ ಒಂದೊಂದು ಮೂಲವಸ್ತುವಿನ ಹೆಸರು. ಕೊನೆಯ ಅಧ್ಯಾಯ ‘ಇಂಗಾಲ’. ಅದರಲ್ಲಿ ಮನುಷ್ಯರು ಹೆಚ್ಚುಕಡಿಮೆ ಇಲ್ಲ. ಸುಣ್ಣದ ಕಲ್ಲಿನೊಳಗೆ ಕೂತಿರುವ ಇಂಗಾಲದ ಒಂದು ಪರಮಾಣುವೇ ಕಥಾನಾಯಕ. 1840ರಲ್ಲಿ ಯಾರದೋ ಪಿಕಾಸಿ ಆ ಕಲ್ಲಿನ ಮೇಲೆ ಬೀಳುತ್ತದೆ. ಕಲ್ಲು ಸುಣ್ಣದ ಭಟ್ಟಿಗೆ ಹೋಗುತ್ತದೆ, ಪರಮಾಣು ಎರಡು ಆಮ್ಲಜನಕಗಳ ಜೊತೆ ಚಿಮಣಿಯಿಂದ ಹಾರಿ ಗಾಳಿ ಸೇರುತ್ತದೆ. ಗಿಡುಗವೊಂದರ ಉಸಿರಿನಲ್ಲಿ ಹೊಕ್ಕು ಹೊರಬರುತ್ತದೆ, ಸಮುದ್ರದಲ್ಲಿ ಕರಗಿ ಮೇಲೇಳುತ್ತದೆ, ದ್ರಾಕ್ಷಿಯ ಎಲೆಗೆ ಸಿಕ್ಕಿ ಹಣ್ಣಾಗುತ್ತದೆ, ವೈನ್ ಆಗುತ್ತದೆ. ಆಮೇಲೆ ದೇವದಾರು ಮರ, ಅದನ್ನು ಕೊರೆಯುವ ಹುಳು, ಕಡೆಗೆ ಒಂದು ಲೋಟ ಹಾಲು. ಆ ಹಾಲು ಕುಡಿದವನು ಲೇಖಕ. ಪರಮಾಣು ಅವನ ಮಿದುಳನ್ನು ಸೇರಿ, ಅವನ ಕೈಯಿಂದ ಹಾಳೆಯ ಮೇಲೆ ಒಂದು ಚುಕ್ಕೆ ಇಡಿಸುತ್ತದೆ. ಪುಸ್ತಕ ಮುಗಿಯುತ್ತದೆ.

ಭೂರಸಾಯನ ವಿಜ್ಞಾನ ಎಂದರೇನು ಎಂದು ಕೇಳಿದ ಸಾಹಿತ್ಯದ ಗೆಳೆಯರಿಗೆ ನಾನು ಮೊದಲು ಓದಲು ಹೇಳುವುದು ಈ ಅಧ್ಯಾಯವನ್ನೇ. ಭೂಮಿಯ ವಸ್ತುಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ, ಯಾವ ರೂಪದಲ್ಲಿ ಹೋಗುತ್ತವೆ, ಎಲ್ಲಿ ಎಷ್ಟು ಕಾಲ ತಂಗುತ್ತವೆ ಎಂಬುದನ್ನು ಹಿಂಬಾಲಿಸುವ ವಿದ್ಯೆ ಅದು. ಲೆವಿ ಆ ಹಿಂಬಾಲಿಸುವ ಕೆಲಸವನ್ನು ಕತೆಯಾಗಿಸಿದ. ಆತ ವೃತ್ತಿಯಿಂದ ರಸಾಯನ ವಿಜ್ಞಾನಿ. ಬಣ್ಣದ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ದುಡಿದವನು. ಅವನ ವಾಕ್ಯಗಳಲ್ಲಿ ತಕ್ಕಡಿ ಹಿಡಿದವನ ಎಚ್ಚರವಿದೆ. ಇಷ್ಟೆಲ್ಲ ಒಪ್ಪಿಕೊಂಡೂ ಒಂದು ಜಾಗದಲ್ಲಿ ನಾನು ಪ್ರತಿ ಸಲ ನಿಲ್ಲುತ್ತೇನೆ. ಕಲ್ಲಿನೊಳಗೆ ಪರಮಾಣು ಇರುವ ಸ್ಥಿತಿಯನ್ನು ಲೆವಿ ಸೆರೆವಾಸಕ್ಕೆ ಹೋಲಿಸುತ್ತಾನೆ. ಕಲ್ಲಿಗೆ ಪಿಕಾಸಿ ಬಿದ್ದದ್ದು ಅವನ ಮಟ್ಟಿಗೆ ಬಿಡುಗಡೆ. ಕತೆ ಶುರುವಾಗುವುದೇ ಅಲ್ಲಿಂದ. ಅದಕ್ಕೂ ಹಿಂದಿನ ಕೋಟಿಗಟ್ಟಲೆ ವರ್ಷಗಳು ಕೆಲವೇ ಸಾಲುಗಳಲ್ಲಿ ಮುಗಿದುಹೋಗುತ್ತವೆ.

ಔಷ್ವಿಟ್ಜ್‌ನಿಂದ ಬದುಕಿ ಬಂದವನಿಗೆ ನಿಶ್ಚಲತೆ ಸೆರೆಮನೆಯಾಗಿ ಕಂಡರೆ ಅದನ್ನು ತಪ್ಪೆನ್ನುವ ಧೈರ್ಯ ಯಾರಿಗಿದೆ? ಇಂಗಾಲದ ಈ ಕತೆಯನ್ನು ಬರೆಯುವ ಕನಸು ತನ್ನ ಜೀವಕ್ಕೆ ಬೆಲೆಯಿಲ್ಲದ ಆ ದಿನಗಳದ್ದೇ ಎಂದು ಅವನೇ ಸೂಚಿಸುತ್ತಾನೆ. ಆದರೂ ಭೂಮಿಯ ಮಟ್ಟಿಗೆ ಆ ರೂಪಕ ತಿರುವುಮುರುವು. ಪಕ್ಕದ ಶುಕ್ರಗ್ರಹದಲ್ಲಿ ಇಂಗಾಲ ಸೆರೆಯಲ್ಲಿಲ್ಲ, ಎಲ್ಲವೂ ಗಾಳಿಯಲ್ಲೇ ಇದೆ. ಅಲ್ಲಿನ ವಾತಾವರಣದ ಒತ್ತಡ ನಮ್ಮದರ ತೊಂಬತ್ತು ಪಟ್ಟು, ನೆಲದ ಉಷ್ಣತೆ 460 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಭೂಮಿಯಲ್ಲೂ ಹತ್ತಿರಹತ್ತಿರ ಅಷ್ಟೇ ಇಂಗಾಲವಿದೆ. ಆದರೆ ಅದು ಸುಣ್ಣದ ಕಲ್ಲಾಗಿ ಮಲಗಿದೆ. ಗಾಳಿಯಲ್ಲಿರುವ ಇಂಗಾಲವನ್ನು ಒಂದು ರೂಪಾಯಿ ಎಂದುಕೊಂಡರೆ ಸಾಗರದಲ್ಲಿರುವುದು ನಲವತ್ತು ರೂಪಾಯಿಗೂ ಮಿಕ್ಕಿ, ಕಲ್ಲಿನಲ್ಲಿರುವುದು ಅರವತ್ತು ಸಾವಿರಕ್ಕೂ ಮಿಕ್ಕಿ. ಲೆವಿಯ ಗಿಡುಗ, ದ್ರಾಕ್ಷಿ, ಹಾಲು, ಮಿದುಳು ಎಲ್ಲ ಸೇರಿ ಆ ಒಂದು ರೂಪಾಯಿಯ ಚಿಲ್ಲರೆ ವ್ಯವಹಾರ.

ಈ ದೂರು ಲೆವಿಯೊಬ್ಬನ ಮೇಲಿನದಲ್ಲ. ಭೂಮಿಯ ರಾಸಾಯನಿಕ ಚಕ್ರಗಳನ್ನು ನಾವು ಹೇಳುವ ರೀತಿಯಲ್ಲೇ ಒಂದು ಕೊರತೆಯಿದೆ ಎಂಬುದು ನನ್ನ ತಕರಾರು. ಶಾಲೆಯ ಗೋಡೆಯ ಮೇಲಿನ ಚಿತ್ರವನ್ನು ನೆನಪಿಸಿಕೊಳ್ಳಿ. ಜಲಚಕ್ರ, ಇಂಗಾಲದ ಚಕ್ರ, ಸಾರಜನಕ ಚಕ್ರ. ಒಂದು ಮೋಡ, ಒಂದು ಮರ, ಒಂದು ದನ, ಸುತ್ತ ಬಾಣದ ಗುರುತುಗಳು. ಎಲ್ಲ ಬಾಣಗಳೂ ಒಂದೇ ದಪ್ಪ. ಮೋಡದಿಂದ ಮಳೆಗೆ ಹೋಗುವ ಬಾಣಕ್ಕೆ ಸುಮಾರು ಒಂಬತ್ತು ದಿನ ಸಾಕು, ಕಲ್ಲಿನಿಂದ ಕಡಲಿಗೆ ಹೋಗುವ ಬಾಣಕ್ಕೆ ಲಕ್ಷಗಟ್ಟಲೆ ವರ್ಷ ಬೇಕು ಎಂಬುದು ಆ ಚಿತ್ರದಿಂದ ತಿಳಿಯುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ‘ಚಕ್ರ’ ಎಂಬ ಮಾತಿನದು. ಕಾಲಚಕ್ರ, ಸಂಸಾರಚಕ್ರ, ಋತುಚಕ್ರ ಎಂದು ಕೇಳಿ ಬೆಳೆದ ಕಿವಿಗೆ ಚಕ್ರವೆಂದರೆ ತನ್ನಷ್ಟಕ್ಕೆ ತಿರುಗಿ ಬಂದು ಕೂಡಿಕೊಳ್ಳುವಂಥದ್ದು. ಅದಕ್ಕೆ ಯಾರೂ ಲೆಕ್ಕ ಇಡಬೇಕಾಗಿಲ್ಲ.

ಭೂರಸಾಯನದವರು ತಮ್ಮೊಳಗೆ ಮಾತಾಡಿಕೊಳ್ಳುವಾಗ ಚಕ್ರಕ್ಕಿಂತ ಹೆಚ್ಚಾಗಿ ಬಳಸುವುದು ಬೇರೆಯೇ ಪರಿಭಾಷೆಯನ್ನು: ದಾಸ್ತಾನು ಎಷ್ಟು, ವರ್ಷಕ್ಕೆ ಒಳಬರುವುದು ಎಷ್ಟು, ಹೊರಹೋಗುವುದು ಎಷ್ಟು, ಒಂದು ಕಣ ಸರಾಸರಿ ಎಷ್ಟು ಕಾಲ ತಂಗುತ್ತದೆ. ಇದಕ್ಕೆ ನಮ್ಮ ಕಡೆ ಮಾತುಗಳಿಲ್ಲದೆ ಇಲ್ಲ. ಜೋಳ ತುಂಬಿಡುವ ನೆಲದೊಳಗಿನ ಹಗೇವು ಇದೆ, ಅಂಗಡಿಯ ಕೀರ್ದಿ-ಖತಾವಣಿ ಇದೆ, ಜಮಾ-ಖರ್ಚು-ಬಾಕಿ ಇದೆ. ಸಾಗರವೆಂಬ ಹಗೇವಿನಲ್ಲಿ ಕ್ಯಾಲ್ಸಿಯಂ ಸುಮಾರು ಹತ್ತು ಲಕ್ಷ ವರ್ಷ ಕೂತಿರುತ್ತದೆ, ಸೋಡಿಯಂ ಕೋಟಿಗಟ್ಟಲೆ ವರ್ಷ ಎಂದರೆ ಬೈಲಹೊಂಗಲದ ಅಡತಿಯಲ್ಲಿ ಕೂತವನಿಗೂ ಅರ್ಥವಾಗುತ್ತದೆ. ‘ಜೈವಿಕ ಭೂರಾಸಾಯನಿಕ ಚಕ್ರ’ ಎಂದರೆ ಪರೀಕ್ಷೆಗೆ ಬಾಯಿಪಾಠ ಮಾಡುವ ಹುಡುಗನಿಗೂ ಆಗುವುದಿಲ್ಲ.

ಬೈಲಹೊಂಗಲದ ಹೆಸರು ಸುಮ್ಮನೆ ತೆಗೆದದ್ದಲ್ಲ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಈ ನಾಲ್ಕು ಊರುಗಳ ಸೀಮೆ ಹೊರಗಿನವರಿಗೆ ಚೆನ್ನಮ್ಮನಿಂದ, ಯಲ್ಲಮ್ಮನಿಂದ, ಸಂಗ್ಯಾ-ಬಾಳ್ಯಾ ಆಟದಿಂದ ಪರಿಚಿತ. ಭೂವಿಜ್ಞಾನಿಗಳಿಗೆ ಇದೇ ಸೀಮೆ ಬೇರೆ ಕಾರಣಕ್ಕೆ ಗೊತ್ತು. ರಾಬರ್ಟ್ ಬ್ರೂಸ್ ಫೂಟ್ ಎಂಬ ಬ್ರಿಟಿಷ್ ಭೂವಿಜ್ಞಾನಿ ಇಲ್ಲೆಲ್ಲ ಅಡ್ಡಾಡಿ 1876ರಲ್ಲಿ ಒಂದು ದೊಡ್ಡ ವರದಿ ಪ್ರಕಟಿಸಿದ. ಗೋಕಾಕದ ಹತ್ತಿರ ಘೇಂಡಾಮೃಗದ ಪಳೆಯುಳಿಕೆ ಕಂಡದ್ದೂ ಅವನಿಗೇ. ವರದಿಯ ಹೆಸರಿನಲ್ಲಿ ಈ ನೆಲ ‘ದಕ್ಷಿಣ ಮರಾಠಾ ಸೀಮೆ’. ಕನ್ನಡ ನೆಲದ ಕಲ್ಲಿಗೆ ಮುಂಬೈ ಪ್ರಾಂತದ ವಿಳಾಸ. ಆದರೆ ಕಲ್ಲುಗಳಿಗೆ ಹೆಸರಿಡುವಾಗ ಅವನೂ ಅವನ ನಂತರದವರೂ ನಮ್ಮ ಊರುಗಳನ್ನೇ ಹಿಡಿದರು. ಧಾರವಾಡ ಶಿಲೆಗಳು, ಕಲಾದಗಿ ಶಿಲೆಗಳು, ಕಲಾದಗಿಯೊಳಗೆ ರಾಮದುರ್ಗದ ಹೆಸರಿನ ಪದರ, ಅದರೊಳಗೆ ಸವದತ್ತಿ ಕ್ವಾರ್ಟ್ಝೈಟ್. ಮುನವಳ್ಳಿಗೂ ಯರಗಟ್ಟಿಗೂ ಅಲ್ಲೊಂದು ಜಾಗವಿದೆ. ಪ್ರಪಂಚದ ಯಾವುದೋ ಮೂಲೆಯ ವಿಶ್ವವಿದ್ಯಾಲಯದಲ್ಲಿ ಕೂತವನು ‘ಸೌಂದತ್ತಿ’ ಎಂದು ಬರೆದರೆ ಅವನ ಮನಸ್ಸಿನಲ್ಲಿರುವುದು ಜಾತ್ರೆಯಲ್ಲ, ನೂರು ಕೋಟಿ ವರ್ಷಕ್ಕೂ ಹಳೆಯ ಮರಳುಗಲ್ಲು.

ಆ ಕಲ್ಲನ್ನು ಓದುವುದು ಹೇಗೆ? ಯಲ್ಲಮ್ಮನ ಗುಡ್ಡದ, ಪರಸಗಡದ ಬಂಡೆ ಹೆಚ್ಚುಕಡಿಮೆ ಶುದ್ಧ ಸಿಲಿಕಾ. ಮಲಪ್ರಭೆ ನವಿಲುತೀರ್ಥದ ಬಳಿ ಸೀಳಿಕೊಂಡು ಬಂದಿರುವುದೂ ಅದನ್ನೇ. ಅಷ್ಟು ಶುದ್ಧವಾಗಿ ಸಿಲಿಕಾ ಉಳಿಯಬೇಕಾದರೆ ಅದರ ಜೊತೆಗಿದ್ದ ಬೇರೆ ಎಲ್ಲವೂ ಹೊರಟುಹೋಗಿರಬೇಕು. ಯಾವುದೋ ಕಾಲದ ಒಂದು ನೆಲದ ಮೇಲೆ ಮಳೆ ಸುರಿಯಿತು. ಮಳೆನೀರಿನಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿ ಅದು ತುಸು ಹುಳಿಯಾಗಿತ್ತು. ಆ ಹುಳಿ ಕಲ್ಲಿನಿಂದ ಸೋಡಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂಗಳನ್ನು ಬಿಡಿಸಿ ಹೊಳೆಗೆ ಹಾಕಿತು. ಕರಗದೆ ಉಳಿದ ಸ್ಫಟಿಕದ ಕಣಗಳು ಮರಳಾಗಿ ದಡ ಸೇರಿ, ಮೇಲೆ ಹೇರು ಬಿದ್ದು ಬಂಡೆಯಾದವು. ಹೋದ ಕ್ಯಾಲ್ಸಿಯಂ ಎಲ್ಲಿ? ಅದೇ ಕಲಾದಗಿ ಪದರಗಳಲ್ಲಿ ಮೇಲೇರಿದರೆ, ರಾಮದುರ್ಗ ದಾಟಿ ಲೋಕಾಪುರ, ಯಾದವಾಡದ ಕಡೆ ನಡೆದರೆ, ಸುಣ್ಣದ ಕಲ್ಲು ಸಿಗುತ್ತದೆ. ಮಳೆಯ ಜೊತೆ ಬಂದ ಇಂಗಾಲವೂ ಅದರೊಳಗೇ ಕೂತಿದೆ. ಕಲಾದಗಿ ಸುಣ್ಣಕಲ್ಲಿನಲ್ಲಿ ಅಲ್ಲಲ್ಲಿ ಕಾಣುವ ಎಲೆಕೋಸಿನಂಥ ಪದರಪದರದ ಗುರುತುಗಳು ಆ ಕಾಲದ ಸೂಕ್ಷ್ಮಜೀವಿಗಳು ಕಟ್ಟಿದ್ದು, ಸ್ಟ್ರೊಮ್ಯಾಟೊಲೈಟ್ ಎನ್ನುತ್ತಾರೆ. ಸವದತ್ತಿಯ ಕಲ್ಲಿನಲ್ಲಿರುವುದೂ ರಾಮದುರ್ಗದಾಚೆಯ ಕಲ್ಲಿನಲ್ಲಿರುವುದೂ ಒಂದೇ ಖಾತೆಯ ಎರಡು ಕಾಲಂ. ಇದೇ ನೆಲದ ಕ್ಯಾಲ್ಸಿಯಂ ಅಲ್ಲಿ ಹೋಗಿ ಕೂತಿತೆಂದು ಕಣಕ್ಕೆ ಕಣ ತೋರಿಸಲಾಗದು. ಸಾಗರ ಎಲ್ಲರ ಜಮೆಯನ್ನೂ ಕಲಸಿಬಿಡುತ್ತದೆ. ಲೆಕ್ಕದ ರೀತಿ ಮಾತ್ರ ಇದೇ.

ಫೂಟ್‌ನ ಕಾಲಕ್ಕೆ ಈ ಲೆಕ್ಕ ಹೀಗೆ ಗೊತ್ತಿರಲಿಲ್ಲ. ಕಲ್ಲು ಸವೆಯುವುದೇ ಗಾಳಿಯ ಇಂಗಾಲವನ್ನು ಎಳೆದುಕೊಳ್ಳುವ ದಾರಿ ಎಂಬುದನ್ನು ಹೆರಾಲ್ಡ್ ಯೂರಿ 1952ರಲ್ಲಿ ಸರಳ ಸಮೀಕರಣವಾಗಿ ಬರೆದ. ಭೂಮಿ ಬಿಸಿಯಾದರೆ ಸವಕಳಿ ಹೆಚ್ಚಿ ಇಂಗಾಲ ಇಳಿಯುತ್ತದೆ, ತಣ್ಣಗಾದರೆ ಸವಕಳಿ ತಗ್ಗಿ ಜ್ವಾಲಾಮುಖಿಗಳ ಇಂಗಾಲ ಗಾಳಿಯಲ್ಲಿ ಕೂಡಿಕೊಳ್ಳುತ್ತದೆ ಎಂಬ ನಿಯಂತ್ರಣದ ಕಲ್ಪನೆ 1981ರಲ್ಲಿ ವಾಕರ್, ಹೇಸ್, ಕಾಸ್ಟಿಂಗ್ ಎಂಬ ಮೂವರದು. ಈ ನಿಯಂತ್ರಣ ಕೆಲಸ ಮಾಡಲು ಲಕ್ಷಾಂತರ ವರ್ಷ ಹಿಡಿಯುತ್ತದೆ. ‘ಪ್ರಕೃತಿ ತಾನೇ ಸರಿಮಾಡಿಕೊಳ್ಳುತ್ತದೆ’ ಎಂದು ಭಾಷಣ ಮಾಡುವವರು ಆ ಅಂಕಿಯನ್ನೂ ಹೇಳಬೇಕು.

ಇಲ್ಲಿ ಯಲ್ಲಮ್ಮನ ಕತೆಯನ್ನು ಬಿಟ್ಟು ಮುಂದೆ ಹೋಗಲು ಮನಸ್ಸಿಲ್ಲ. ರೇಣುಕೆ ದಿನಾ ಮಲಪ್ರಭೆಯ ಮರಳಿನಿಂದ ಕೊಡ ಮಾಡಿ, ಹಾವಿನ ಸಿಂಬಿ ಸುತ್ತಿ, ನೀರು ತರುತ್ತಿದ್ದಳು. ಚಿತ್ತ ಒಮ್ಮೆ ಕದಲಿತು, ಕೊಡ ನಿಲ್ಲಲಿಲ್ಲ. ನೀರು ಹಿಡಿಯುವುದು ಜೇಡಿಯ ಗುಣ, ಮರಳಿನದಲ್ಲ ಎಂಬುದು ಹೊಳೆಯ ದಂಡೆಯ ಕುಂಬಾರರಿಗೆ ಗೊತ್ತಿದ್ದದ್ದೇ. ಗೊತ್ತಿದ್ದವರೇ ಕಟ್ಟಿದ ಕತೆ ಅದು, ಅದಕ್ಕೇ ಮರಳನ್ನು ಆರಿಸಿಕೊಂಡಿದೆ. ಕನ್ನಡದಲ್ಲಿ ಮರಳು ಎಂದರೆ ಹೊಯಿಗೆಯೂ ಹೌದು, ಹಿಂತಿರುಗು ಎಂದೂ ಹೌದು. ರಸಾಯನದ ಕಣ್ಣಿಗೆ ಮಾತ್ರ ಹೊಯಿಗೆಯಷ್ಟು ಮರಳದ ವಸ್ತು ಇನ್ನೊಂದಿಲ್ಲ. ಕರಗುವುದೆಲ್ಲ ಕರಗಿಹೋದ ಮೇಲೆ ಉಳಿದ ಹಟಮಾರಿ ಅದು.

ಈಗ ಕರಿಮಣ್ಣಿಗೆ ಬರೋಣ. ಸುಮಾರು 6.6 ಕೋಟಿ ವರ್ಷದ ಹಿಂದೆ ಉಕ್ಕಿದ ದಖನ್ ಲಾವಾದ ದಕ್ಷಿಣದ ಅಂಚು ಬೆಳಗಾವಿ ಜಿಲ್ಲೆಯಲ್ಲಿ ಮುಗಿಯುತ್ತದೆ. ಲಾವಾ ತಣಿದು ಆದ ಬಸಾಲ್ಟ್ ಬೇಗ ಸವೆಯುವ ಕಲ್ಲು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಧಾರಾಳ. ಅದರ ಮೇಲೆ ಬೀಳುವ ಮಳೆ ಎಲ್ಲ ಕಡೆ ಒಂದೇ ಅಲ್ಲ. ಮಲಪ್ರಭೆ ಹುಟ್ಟುವ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಒಂದು ಮಳೆಗಾಲಕ್ಕೆ ಸಾವಿರಾರು ಮಿಲಿಮೀಟರ್. ಕಿತ್ತೂರಿನ ಸುತ್ತ ಭತ್ತ ಬೆಳೆಯುವಷ್ಟು. ಸವದತ್ತಿ, ರಾಮದುರ್ಗದ ಹೊತ್ತಿಗೆ ಆರುನೂರರ ಆಸುಪಾಸು, ಅದೂ ಬಂದರೆ. ನೂರು ಕಿಲೋಮೀಟರಿನ ಆಚೀಚೆಯಲ್ಲಿ ಮಳೆಯ ಈ ಏರಿಳಿತವೇ ಮಣ್ಣಿನ ಹಣೆಬರಹ ಬರೆದಿದೆ. ಘಟ್ಟದ ಅಂಚಿನಲ್ಲಿ ಮಳೆ ಎಲ್ಲವನ್ನೂ ತೊಳೆದು ಕಬ್ಬಿಣ, ಅಲ್ಯೂಮಿನಿಯಂಗಳನ್ನಷ್ಟೇ ಉಳಿಸಿದ್ದರಿಂದ ಅಲ್ಲಿ ಕೆಂಪು ಜಂಬಿಟ್ಟಿಗೆ. ಪೂರ್ವಕ್ಕೆ ಬಂದಂತೆ ತೊಳೆಯುವಷ್ಟು ನೀರಿಲ್ಲ. ಕ್ಯಾಲ್ಸಿಯಂ, ಮೆಗ್ನೀಷಿಯಂ, ಸಿಲಿಕಾ ಅಲ್ಲೇ ಕೂಡಿ ಮಾಂಟ್ಮೊರಿಲೋನೈಟ್ ಎಂಬ ಜೇಡಿ ಆಗುತ್ತದೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕಾಲು ಸಿಕ್ಕುವಷ್ಟು ಬಿರಿಯುತ್ತದೆ. ನಮ್ಮ ಎರಿ ಮಣ್ಣು ಅದೇ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಲು ಬರುವುದು ಆ ಜೇಡಿಯ ದಯೆ. (ಆಂಗ್ಲ ಭೂವಿಜ್ಞಾನ ಇದಕ್ಕೆ ‘ರೇಗರ್’ ಎಂದಿತು, ತೆಲುಗಿನ ರೇಗಡಿಯಿಂದ. ಇಷ್ಟು ಅಡ್ಡಾಡಿದವರ ಕಿವಿಗೆ ‘ಎರಿ’ ಬೀಳಲಿಲ್ಲವಲ್ಲ ಎಂಬುದು ನನ್ನ ಸಣ್ಣ ಬೇಸರ.)

ಯಾವ ಮೂಲವಸ್ತು ಕರಗಿ ಹೋಗುತ್ತದೆ, ಯಾವುದು ಕೂತು ಉಳಿಯುತ್ತದೆ ಎಂಬುದಕ್ಕೆ ಅದರ ಅಯಾನಿನ ಗಾತ್ರವೂ ವಿದ್ಯುದಂಶವೂ ಕಾರಣ ಎಂದು ತೋರಿಸಿದವರಲ್ಲಿ ವಿಕ್ಟರ್ ಗೋಲ್ಡ್‌ಶ್ಮಿಟ್ ಮುಖ್ಯ. ಆಧುನಿಕ ಭೂರಸಾಯನ ವಿಜ್ಞಾನದ ಜನಕ ಎನ್ನುತ್ತಾರೆ ಅವನನ್ನು. ಲೆವಿಯಂತೆ ಅವನೂ ಯಹೂದಿ. ನಾಜಿಗಳ ಕಾಲದಲ್ಲಿ ನಾರ್ವೆಯಲ್ಲಿ ಬಂಧನಕ್ಕೊಳಗಾಗಿ, ಸ್ವೀಡನ್ನಿಗೆ ತಪ್ಪಿಸಿಕೊಂಡು, ಬ್ರಿಟನ್ ಸೇರಿ ಅಲ್ಲಿ ಮಣ್ಣಿನ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಿದ. 1947ರಲ್ಲಿ ತೀರಿಕೊಂಡ. ಅವನ ದೊಡ್ಡ ಪುಸ್ತಕ ಅಚ್ಚಾದದ್ದು 1954ರಲ್ಲಿ. ಅದು ಲೆವಿಯ ಪುಸ್ತಕದಂತೆ ಓದಿಸಿಕೊಂಡು ಹೋಗುವುದಿಲ್ಲ, ಒಣ ಬರವಣಿಗೆ. ಆದರೆ ಅಲ್ಲಿ ಕಲ್ಲು ಸೆರೆಮನೆಯಲ್ಲ.

ದಖನ್ ಬಸಾಲ್ಟ್ ಸವೆದು ಎಷ್ಟು ಇಂಗಾಲ ನುಂಗಿತು ಎಂಬುದನ್ನು ನರ್ಮದೆ, ತಾಪಿ, ವೈನಗಂಗೆಗಳ ನೀರು ಪರೀಕ್ಷಿಸಿ ಫ್ರೆಂಚ್ ಮತ್ತು ಭಾರತೀಯ ವಿಜ್ಞಾನಿಗಳ ತಂಡ 2001ರಲ್ಲಿ ಲೆಕ್ಕ ಹಾಕಿತು. ಉಕ್ಕುವಾಗ ಲಾವಾ ಭೂಮಿಯನ್ನು ಬಿಸಿ ಮಾಡಿತು. ಆಮೇಲೆ ಅದೇ ಲಾವಾದ ಕಲ್ಲು ಸವೆಯುತ್ತ ಗಾಳಿಯಿಂದ ಇಂಗಾಲ ಎಳೆದು ಭೂಮಿಯನ್ನು ಮೊದಲಿಗಿಂತಲೂ ತುಸು ತಣ್ಣಗಾಗಿಸಿತು ಎಂಬುದು ಅವರ ತೀರ್ಮಾನ. ಎರಿ ಹೊಲ ಅಗೆದಾಗ ಸಿಗುವ ಸುಣ್ಣದ ಹರಳುಗಳು, ರೈತರು ಕಾಲಿಗೆ ಚುಚ್ಚಿದಾಗ ಬೈದು ಬದುವಿಗೆ ಎಸೆಯುವ ಬಿಳಿ ಹರಳುಗಳು, ಇದೇ ಕತೆಯ ಸಣ್ಣ ರಸೀತಿಗಳು. ಕ್ಯಾಲ್ಸಿಯಂ ಸಮುದ್ರದವರೆಗೆ ಹೋಗುವಷ್ಟು ನೀರಿರಲಿಲ್ಲ, ಹೊಲದಲ್ಲೇ ಇಂಗಾಲದ ಜೊತೆ ಕೂತುಬಿಟ್ಟಿತು.

ಈವರೆಗೆ ನಾನು ವೃತ್ತದ ಮೇಲೆ ದೂರು ಹೇಳಿದೆ. ಸರಳರೇಖೆಯೂ ಮೋಸ ಮಾಡಿದ್ದುಂಟು. 1899ರಲ್ಲಿ ಡಬ್ಲಿನ್ನಿನ ಜಾನ್ ಜೋಲಿ ಎಂಬ ವಿಜ್ಞಾನಿ ಒಂದು ಚೆಂದದ ಲೆಕ್ಕ ಹಾಕಿದ. ಸಮುದ್ರದಲ್ಲಿರುವ ಸೋಡಿಯಂ ಎಷ್ಟು, ನದಿಗಳು ವರ್ಷಕ್ಕೆ ತರುವುದು ಎಷ್ಟು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸಾಗರದ ವಯಸ್ಸು. ಎಂಟೊಂಬತ್ತು ಕೋಟಿ ವರ್ಷ ಬಂತು. ಭೂಮಿಯ ವಯಸ್ಸು 454 ಕೋಟಿ ವರ್ಷ ಎಂದು ಇಂದು ಗೊತ್ತು. ಜೋಲಿಯ ಗುಣಾಕಾರ, ಭಾಗಾಕಾರದಲ್ಲಿ ದೋಷವಿರಲಿಲ್ಲ. ಸಾಗರದಿಂದ ಉಪ್ಪು ಹೊರಗೂ ಹೋಗುತ್ತದೆ, ಉಪ್ಪಿನ ಪದರಗಳಾಗಿ, ತಳದ ಕೆಸರಿಗೆ ಅಂಟಿ, ಸಾಗರತಳದ ಕಲ್ಲಿನೊಳಗೆ ಸೇರಿ ಹೋಗುತ್ತದೆ ಎಂಬ ಖರ್ಚಿನ ಕಾಲಂ ಅವನ ಖಾತೆಯಲ್ಲಿರಲಿಲ್ಲ. ಅವನಿಗೆ ಸಿಕ್ಕ ಅಂಕಿ ಸಾಗರದ ವಯಸ್ಸಲ್ಲ, ಸೋಡಿಯಂ ಅಲ್ಲಿ ತಂಗುವ ಕಾಲ. ಚಕ್ರ ಎನ್ನುವವನು ಬಾಕಿ ನೋಡುವುದಿಲ್ಲ, ರೇಖೆ ಎನ್ನುವವನು ಖರ್ಚು ನೋಡುವುದಿಲ್ಲ.

ಇದು ಹಳೆಯ ವಿಜ್ಞಾನಿಗಳ ವಿನೋದದ ಪ್ರಸಂಗವಾಗಿ ಉಳಿದಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ಜೋಲಿಯ ಸಾಗರದಲ್ಲಿ ಆದದ್ದು ಮಲಪ್ರಭೆಯ ಕಾಲುವೆಯ ಕೆಳಗೆ ನಿಜವಾಗಿಯೇ ಆಗುತ್ತಿದೆ: ಉಪ್ಪಿಗೆ ಒಳಬರುವ ದಾರಿ ಇದೆ, ಹೊರಹೋಗುವ ದಾರಿ ಇಲ್ಲ.

ನವಿಲುತೀರ್ಥದ ಅಣೆಕಟ್ಟಿನ ನೀರು 1970ರ ದಶಕದಿಂದ ಸವದತ್ತಿ, ರಾಮದುರ್ಗ, ನರಗುಂದ, ನವಲಗುಂದ, ರೋಣದ ಎರಿ ಹೊಲಗಳಿಗೆ ಹರಿಯಿತು. ಒಂದು ಲೆಕ್ಕ ಹಾಕಿ ನೋಡಿ. ಲೀಟರಿಗೆ 200 ಮಿಲಿಗ್ರಾಂ ಲವಣವಿರುವ ನೀರೆಂದರೆ ಕುಡಿಯಲು ಏನೂ ಅಡ್ಡಿಯಿಲ್ಲದ ಸಿಹಿನೀರು. ಅಂಥ ನೀರನ್ನು ಒಂದು ಎಕರೆಗೆ ವರ್ಷಕ್ಕೆ ಒಟ್ಟು 50 ಸೆಂಟಿಮೀಟರ್ ಆಳದಷ್ಟು ಬಿಟ್ಟರೆ ಇಪ್ಪತ್ತು ಲಕ್ಷ ಲೀಟರ್ ಆಯಿತು. ಅದರೊಡನೆ ಹೊಲಕ್ಕೆ ಬಂದ ಲವಣ ನಾಲ್ಕು ಕ್ವಿಂಟಲ್. ಕಬ್ಬಿಗೆ ಇದರ ಎರಡು-ಮೂರು ಪಟ್ಟು ನೀರು ಬೇಕು. ಬೆಳೆ ಕುಡಿದು ಗಾಳಿಗೆ ಬಿಡುವುದು ಬರಿ ನೀರನ್ನು. ಕಾಲುವೆ ಕೆಳಗೆ ಹೊಲವಿರುವ ನಮ್ಮ ಸಂಬಂಧದ ಕಾಕಾ ಒಬ್ಬರು ಇದನ್ನು ನನ್ನ ಅಂಕಿಗಳಿಗಿಂತ ಚೆನ್ನಾಗಿ ಹೇಳಿದರು: “ನೀರೇನೋ ಮ್ಯಾಲ ಹೋಗತೈತೋ ತಮ್ಮಾ, ಉಪ್ಪಿಗೆ ರೆಕ್ಕಿ ಎಲ್ಲೈತಿ?”

ಅಷ್ಟಕ್ಕೇ ಮುಗಿಯುವುದಿಲ್ಲ. ಎರಿ ಮಣ್ಣು ನೀರನ್ನು ಕೆಳಗೆ ಬಿಡುವುದೇ ನಿಧಾನ. ಮಳೆ ಕಡಿಮೆಯಾದ ಸಾವಿರಾರು ವರ್ಷಗಳಲ್ಲಿ ಕೆಳಪದರಗಳಲ್ಲಿ ಕೂತಿದ್ದ ಹಳೆಯ ಲವಣಗಳೂ, ಕಾಲುವೆ ನೀರಿಗೆ ಅಂತರ್ಜಲ ಏರಿದಾಗ ಕರಗಿ ಮೇಲೆ ಬರುತ್ತವೆ. ಬೇಸಿಗೆಯಲ್ಲಿ ನೀರು ಆರುವಾಗ ಮೊದಲು ಸುಣ್ಣದ ಅಂಶ ಹರಳುಗಟ್ಟಿ ಕೂರುತ್ತದೆ, ಉಳಿದ ನೀರಿನಲ್ಲಿ ಸೋಡಿಯಂನ ಪಾಲು ಏರುತ್ತ ಹೋಗುತ್ತದೆ. ಸೋಡಿಯಂ ಹೆಚ್ಚಾದ ಜೇಡಿಯ ಕಣಗಳು ಒಂದನ್ನೊಂದು ಬಿಟ್ಟು ಚದುರಿ ಮಣ್ಣಿನ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತವೆ. ನೀರು ಇಳಿಯುವುದಿಲ್ಲ, ಬೇರಿಗೆ ಗಾಳಿಯಿಲ್ಲ. ಇದೇ ಸವಳು. ನಮ್ಮ ಹಿರಿಯರಿಗೆ ಈ ಗುಣ ಗೊತ್ತಿತ್ತು: ಮಾಳಿಗೆ ಮನೆಯ ಮೇಲೆ ಸೋರದಿರಲೆಂದು ಹುಡುಕಿ ತಂದು ಹಾಕುತ್ತಿದ್ದದ್ದು ಸವಳು ಮಣ್ಣನ್ನೇ. ಮಾಳಿಗೆಯ ಮೇಲೆ ಅದು ರಕ್ಷಣೆ, ಹೊಲದಲ್ಲಿ ಸಾವು. ಜಿಪ್ಸಂ ಹಾಕಿದರೆ ಅದರ ಕ್ಯಾಲ್ಸಿಯಂ ಸೋಡಿಯಂನ ಜಾಗಕ್ಕೆ ಬರುತ್ತದೆ, ಸರಿ. ಆದರೆ ಬಿಟ್ಟುಬಂದ ಸೋಡಿಯಂ ಹೊಲದಿಂದ ಹೊರಹೋಗಲು ದಾರಿ ಬೇಕು. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂಬ ಗಾದೆಗೆ ಈ ಹೊಲಗಳಲ್ಲಿ ಇನ್ನೊಂದು ತುದಿ ಸೇರಿಸಬೇಕಾಗಿದೆ, ಕುಡಿದ ನೀರು ಬಸಿಯಲೂಬೇಕು.

ರಂಜಕದ ಮಾತನ್ನೂ ಒಂದೆರಡು ಸಾಲಲ್ಲಿ ಹೇಳಬೇಕು. ಅದಕ್ಕೆ ಅನಿಲರೂಪವೇ ಇಲ್ಲ ಎನ್ನಬಹುದಾದ್ದರಿಂದ ಇಂಗಾಲದಂತೆ ಗಾಳಿಯಿಂದ ವಾಪಸು ಬರುವುದಿಲ್ಲ. ಹೊಲದಿಂದ ಕಾಳಿನ ಜೊತೆ ಹೋದದ್ದು, ಹೊಳೆಗೆ ಕೊಚ್ಚಿಹೋದದ್ದು ಹೋದಂತೆಯೇ. ಅಂಗಡಿಯ ಡಿಎಪಿ ಚೀಲದಲ್ಲಿರುವುದು ಬಹುಪಾಲು ಹೊರದೇಶದ ಹಳೆಯ ಸಮುದ್ರತಳದ ಕಲ್ಲು. ಅದನ್ನು ತಂದು ಹಾಕಿದರೆ ಎರಿಯ ಸುಣ್ಣ ಅದರಲ್ಲಿ ಬಹುಭಾಗವನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಾರಜನಕದ್ದು ದೊಡ್ಡ ಪುರಾಣ, ಇಲ್ಲಿ ತೆಗೆಯುವುದಿಲ್ಲ.

1980ರ ಜುಲೈ 21ರ ನರಗುಂದ-ನವಲಗುಂದದ ಗೋಲಿಬಾರು ಕರ್ನಾಟಕದ ರೈತ ಚಳವಳಿಯ ಚರಿತ್ರೆಯಲ್ಲಿ ಎಲ್ಲರಿಗೂ ಗೊತ್ತು. ಮಲಪ್ರಭೆಯ ನೀರಾವರಿಯ ಹೆಸರಲ್ಲಿ ಹೇರಿದ ಬೆಟರ್‌ಮೆಂಟ್ ಲೆವಿಯ ವಿರುದ್ಧದ ಸಿಟ್ಟು ಅದು. ನೀರು ಬಂದಿದೆ, ಭೂಮಿ ಸುಧಾರಿಸಿದೆ, ಆದ್ದರಿಂದ ಹಣ ಕೊಡು ಎಂಬುದು ಸರಕಾರದ ಖತಾವಣಿ. ಭೂಮಿಯ ಖತಾವಣಿಯಲ್ಲಿ ಉಪ್ಪಿನ ಕಾಲಂ ಇತ್ತು, ಅದನ್ನು ಯಾವ ಕಚೇರಿಯೂ ಬರೆದಿರಲಿಲ್ಲ. ಹಣದ ಲೆಕ್ಕ ಚಳವಳಿಯಾಯಿತು, ಭಾಷಣವಾಯಿತು, ಹಾಡಾಯಿತು. ಉಪ್ಪಿನ ಲೆಕ್ಕ ಕೃಷಿ ವಿಶ್ವವಿದ್ಯಾಲಯದ ವರದಿಗಳಲ್ಲೇ ಉಳಿಯಿತು.

ಇಲ್ಲಿ ನನ್ನ ದೂರು ಕನ್ನಡ ಬರವಣಿಗೆಯ ಮೇಲೆ. ನಮ್ಮ ಸಾಹಿತ್ಯದಲ್ಲಿ ಮಣ್ಣಿಗೆ ಬರವಿಲ್ಲ. ಕಾರಂತರ ‘ಮರಳಿ ಮಣ್ಣಿಗೆ’ಯಿಂದ ಕಟ್ಟೀಮನಿಯವರ ‘ಮಣ್ಣು ಮತ್ತು ಹೆಣ್ಣು’ವರೆಗೆ ಅದು ಹೆಸರಿನಲ್ಲೇ ಇದೆ. ಮಣ್ಣಿನ ಮಗ, ಮಣ್ಣಿನ ವಾಸನೆ, ಮಣ್ಣಿನ ಋಣ ಎಂದು ವಿಮರ್ಶೆಯೂ ಬರೆಯುತ್ತದೆ, ನಾನೂ ಬರೆದಿದ್ದೇನೆ. ಈ ಎಲ್ಲ ಮಾತುಗಳಲ್ಲಿ ಮಣ್ಣು ಒಂದು ಮೊದಲು ಅಥವಾ ಒಂದು ಕೊನೆ: ಹುಟ್ಟಿದ್ದು ಅಲ್ಲಿಂದ, ಸೇರುವುದು ಅಲ್ಲಿಗೆ. ಭೂರಸಾಯನದಲ್ಲಿ ಮಣ್ಣು ನಡುದಾರಿಯ ತಂಗುದಾಣ. ಕಲ್ಲಿನಿಂದ ಬಂದು ಕಡಲಿಗೆ ಹೊರಟದ್ದು ಕೆಲವು ಸಾವಿರ ವರ್ಷ ಅಲ್ಲಿ ಕೂತಿರುತ್ತದೆ. ನಾವು ಉಣ್ಣುವುದು ಆ ಪಯಣಿಗರ ಬುತ್ತಿಯಿಂದ. ಕನ್ನಡದ ಜನಪ್ರಿಯ ವಿಜ್ಞಾನ ಬರವಣಿಗೆಗೂ ಒಂದು ಚಟ ಹತ್ತಿದೆ, ಅಚ್ಚರಿ ಹುಟ್ಟಿಸುವುದು. ನಾವೆಲ್ಲ ನಕ್ಷತ್ರದ ಧೂಳು, ನೀವು ಕುಡಿದ ನೀರನ್ನು ಡೈನೋಸಾರ್ ಕುಡಿದಿತ್ತು, ನಿಮಗೆ ಗೊತ್ತೇ? ಗೊತ್ತಾಗಿ ಏನು ಮಾಡಬೇಕು? ಡೈನೋಸಾರ್ ಕುಡಿದ ನೀರು ಹೊಲಕ್ಕೆ ಬಂದಾಗ ಅದರ ಜೊತೆ ಏನು ಬಂತು ಎಂದು ಕೇಳುವ ಪ್ರಬಂಧ ನನಗೆ ಬೇಕು.

ಲೆವಿಗೆ ನ್ಯಾಯ ಸಲ್ಲಬೇಕಾದರೆ ಅವನ ಭಟ್ಟಿಯ ಹತ್ತಿರ ಇನ್ನೊಮ್ಮೆ ಹೋಗಬೇಕು. ನೂರು ಕಿಲೋ ಶುದ್ಧ ಸುಣ್ಣದ ಕಲ್ಲು ಸುಟ್ಟರೆ 56 ಕಿಲೋ ಸುಟ್ಟಸುಣ್ಣ, 44 ಕಿಲೋ ಇಂಗಾಲದ ಡೈಆಕ್ಸೈಡ್. ಲೆವಿ ಆ 44 ಕಿಲೋದ ಬೆನ್ನು ಹತ್ತಿದ, 56 ಕಿಲೋದ ಕಡೆ ನೋಡಲಿಲ್ಲ. ನೋಡಿದ್ದರೆ ಮನುಷ್ಯನ ಆಯುಷ್ಯದೊಳಗೆ ನಿಜವಾಗಿ ಕೂಡಿಕೊಳ್ಳುವ ಅಪರೂಪದ ಒಂದು ವೃತ್ತ ಅವನಿಗೆ ಸಿಗುತ್ತಿತ್ತು. ದೀಪಾವಳಿಗೆ ಗೋಡೆಗೆ ಬಳಿದ ಸುಣ್ಣ ಗಾಳಿಯಿಂದ ಇಂಗಾಲವನ್ನು ಮರಳಿ ಪಡೆದು ಮತ್ತೆ ಸುಣ್ಣದ ಕಲ್ಲಾಗುತ್ತದೆ. ಬಳಿದ ದಿನ ಮಸುಕಾಗಿದ್ದ ಗೋಡೆ ದಿನ ಕಳೆದಂತೆ ಬೆಳ್ಳಗೆ ಗಟ್ಟಿಯಾಗುವುದು ಅದಕ್ಕೇ. ಹಳೆಯ ಸುಣ್ಣದ ಭಟ್ಟಿಗಳ ಜಾಗಕ್ಕೆ ಇಂದು ಲೋಕಾಪುರ, ಯಾದವಾಡದ ಕಡೆ ಸಿಮೆಂಟ್ ಕಾರ್ಖಾನೆಗಳಿವೆ. ಸಿಮೆಂಟೂ ಗಾಳಿಯ ಇಂಗಾಲವನ್ನು ತುಸು ಹಿಂದಕ್ಕೆ ಪಡೆಯುತ್ತದೆ, ಆದರೆ ದಶಕಗಳ ಕಾಲ, ಮೇಲ್ಮೈಯಿಂದ ಒಳಗೆ ತೆವಳುತ್ತ. ಅದನ್ನು ಸುಡಲು ಬಳಸಿದ ಕಲ್ಲಿದ್ದಲಿನ ಇಂಗಾಲ ಬೇರೆಯೇ. ಲೆವಿ ಬರೆಯುವಾಗ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಸುಮಾರು 330 ಇಂಗಾಲದ ಡೈಆಕ್ಸೈಡಿನದ್ದಾಗಿದ್ದವು. ಈಗ 420 ದಾಟಿದೆ. ಅವನಿಗೆ ಬಿಡುಗಡೆಯಾಗಿ ಕಂಡದ್ದನ್ನು ನಾವು ಹಾಗೆ ಓದಲಾರೆವು. ಅದಕ್ಕೆ ಕಾರಣ ಅವನ ವಾಕ್ಯಗಳಲ್ಲ, ಈ ತೊಂಬತ್ತು.

ಕಾಕಾನ ಹೊಲದ ಪಕ್ಕದಲ್ಲಿ ಬಸಿಗಾಲುವೆಯೊಂದು ಇದೆ. ಹೂಳು ತುಂಬಿ, ಜಾಲಿ ಬೆಳೆದು, ಎಲ್ಲಿ ಶುರು ಎಲ್ಲಿ ಕೊನೆ ಎಂದು ಹುಡುಕಬೇಕು. ಶಾಲೆಯ ಚಿತ್ರದಲ್ಲಿ ಇಲ್ಲದ ಬಾಣ ಅದೇ. ಅದನ್ನು ತೋಡಿಸಿ ಹಸನು ಮಾಡಿದರೆ ಉಪ್ಪು ಹಳ್ಳ ಸೇರುತ್ತದೆ, ಹಳ್ಳದಿಂದ ಮಲಪ್ರಭೆ, ರಾಮದುರ್ಗದ ಸೇತುವೆ, ಕೂಡಲಸಂಗಮ, ಕೃಷ್ಣೆ. ರಾಮದುರ್ಗದ ಕೆಳಗೆ ಎರಡೂ ದಂಡೆಯಲ್ಲಿ ಪಂಪ್‌ಸೆಟ್ಟುಗಳಿವೆ. ಮೇಲಿನ ಹೊಲ ಬಸಿದ ನೀರನ್ನು ಅಲ್ಲಿನ ರೈತ ಬೇಸಿಗೆಯಲ್ಲಿ ಮತ್ತೆ ಎತ್ತಿ ತನ್ನ ಕಬ್ಬಿಗೆ ಬಿಡುತ್ತಾನೆ.